ಗಾಜಿನ ತೊಟ್ಟಿಗೊಬ್ಬ ಸೂರ್ಯ

ಬಸವನಗುಡಿಯ ಗೆಳೆಯರೊಬ್ಬರ ಮನೆಯಲ್ಲಿ ಮೂರಡಿ ಉದ್ದದ ಉಪ್ಪುನೀರಿನ ಅಕ್ವೇರಿಯಂ ಇದೆ. ಸಂಜೆ ಹೋದರೆ ಅದರ ಮೇಲೆ ಕಡುನೀಲಿ ಎಲ್‌ಇಡಿ ಉರಿಯುತ್ತಿರುತ್ತದೆ. ಕಲ್ಲಿಗೆ ಅಂಟಿಕೊಂಡ ಅಣಬೆ ಹವಳಗಳು ಕೆಂಡದಂತೆ ಹೊಳೆಯುತ್ತವೆ. ಪಕ್ಕದಲ್ಲಿ ಗುಂಡಿ ಪೋಣಿಸಿದಂತೆ ಹರಡಿಕೊಂಡಿರುವ ಜೊಆಂಥಿಡ್‌ಗಳು ಗಿಳಿಹಸಿರು. ಹೋದ ಸಲ ನಾನು ಒಂದು ಕಿತಾಪತಿ ಮಾಡಿದೆ. ನೀಲಿ ದೀಪದ ಸ್ವಿಚ್ ಆರಿಸಿ ಮೊಬೈಲಿನ ಟಾರ್ಚ್ ಬಿಟ್ಟೆ. ಕೆಂಡ ಹೋಗಿ ಹಳೆ ಹೆಂಚಿನ ಬಣ್ಣ ಬಂತು, ಗಿಳಿಹಸಿರು ಹೋಗಿ ಬಾಡಿದ ಕಂದು. ‘ಅಯ್ಯೋ, ಅವುಗಳ ಮಾನ ತೆಗೆಯಬೇಡಿ ಮಾರಾಯ್ರೇ’ ಎಂದು ಗೆಳೆಯರು ಓಡಿಬಂದು ಮತ್ತೆ ನೀಲಿ ಹಾಕಿದರು.

ಅವರ ತೊಟ್ಟಿಯಲ್ಲಿ ದೀಪದ ಕೆಳಗೆ ಮೂರು ಪಾರ್ಟಿಗಳಿವೆ. ಹವಳವೆಂಬ ಪ್ರಾಣಿ ಒಂದು, ಅದರ ಮೈಯೊಳಗೆ ಕೂತ ಪಾಚಿ ಇನ್ನೊಂದು, ಸೋಫಾದ ಮೇಲೆ ಕೂತ ಮನುಷ್ಯ ಮೂರನೆಯದು. ಬೆಳಕಿನ ಬಣ್ಣ ಮತ್ತು ಪ್ರಖರತೆ ಎಷ್ಟಿರಬೇಕು ಎಂಬ ಪ್ರಶ್ನೆಗೆ ಮೂವರ ಉತ್ತರವೂ ಬೇರೆಬೇರೆ. ಕಳೆದ ಸುಮಾರು ನೂರು ವರ್ಷಗಳಲ್ಲಿ ಹವಳಕ್ಕೆ ಬೆಳಕು ಹೊಂದಿಸುವ ವಿದ್ಯೆ ಬೆಳೆದು ಬಂದ ದಾರಿ ನೋಡಿದರೆ, ಮೂರನೆಯವನ ಕಣ್ಣನ್ನು ನಂಬಿದಾಗಲೆಲ್ಲ ಅದು ದಾರಿ ತಪ್ಪಿದೆ.

ಕತ್ತಲ ಪೆಟ್ಟಿಗೆಯಿಂದ ಶುರು

ಹವಳ ಪ್ರಾಣಿ. ಇದನ್ನು ಮೊದಲೇ ಹೇಳಿಬಿಡಬೇಕು, ಏಕೆಂದರೆ ಬೆಳಕಿನ ಮಾತು ಬಂದ ಕೂಡಲೇ ಅದು ನಮ್ಮ ತಲೆಯಲ್ಲಿ ಗಿಡವಾಗಿಬಿಡುತ್ತದೆ. ಬಾಯಿ, ಹೊಟ್ಟೆ, ಕುಟುಕುವ ಬಳ್ಳಿಗೈಗಳಿರುವ ಪುಟ್ಟ ಜೀವಿ (ಪಾಲಿಪ್) ಅದು. ಲೋಳೆಮೀನಿನ (ಜೆಲ್ಲಿಫಿಶ್) ನೆಂಟ. ಆದರೆ ಅದರ ಅಂಗಾಂಶದ ಒಂದು ಚದರ ಸೆಂಟಿಮೀಟರಿನಲ್ಲಿ ಹತ್ತು ಲಕ್ಷಕ್ಕೂ ಮಿಕ್ಕಿ ಏಕಕೋಶದ ಪಾಚಿಗಳು ಮನೆ ಮಾಡಿರುತ್ತವೆ. ಜರ್ಮನಿಯ ಕಾರ್ಲ್ ಬ್ರಾಂಟ್ 1881ರಲ್ಲಿ ಇಂಥ ಹಳದಿ ಕಣಗಳಿಗೆ ಝೂಕ್ಸಾಂಥೆಲ್ಲಾ ಎಂದು ಹೆಸರಿಟ್ಟ. ಹೆಸರು ಸಿಕ್ಕಿತು, ಕಸುಬು ಮಾತ್ರ ಗೊತ್ತಾಗಲಿಲ್ಲ. ಬಾಡಿಗೆದಾರ ಬಾಡಿಗೆ ಕೊಡುತ್ತಾನೋ, ಪುಕ್ಕಟೆ ಕೂತಿದ್ದಾನೋ ಎಂಬ ವಾದ ಮುಂದಿನ ಎಂಬತ್ತು ವರ್ಷ ನಡೆಯಿತು.

1928ರಲ್ಲಿ ಮಾರಿಸ್ ಯಂಗ್ ಎಂಬ ಯುವ ಬ್ರಿಟಿಷ್ ವಿಜ್ಞಾನಿಯ ಮುಂದಾಳುತನದಲ್ಲಿ ಒಂದು ತಂಡ ಆಸ್ಟ್ರೇಲಿಯಾದ ಗ್ರೇಟ್ ಬ್ಯಾರಿಯರ್ ರೀಫ್‌ನ ಲೋ ಐಲ್ಸ್ ಎಂಬ ಪುಟ್ಟ ದ್ವೀಪದಲ್ಲಿ ಒಂದು ವರ್ಷ ಬೀಡುಬಿಟ್ಟಿತು. ಅಲ್ಲಿ ಅವರು ಮಾಡಿದ ಪ್ರಯೋಗಗಳಲ್ಲಿ ಒಂದು ಬಲು ಸರಳ. ಬೆಳಕು ನುಸುಳದ ಪೆಟ್ಟಿಗೆಯೊಳಗೆ ಹವಳಗಳನ್ನಿಟ್ಟು, ನೀರು ಆಡುವಂತೆ ಮಾಡಿ, ತಿಂಗಳುಗಟ್ಟಲೆ ಕತ್ತಲಲ್ಲಿ ಬಿಡುವುದು. ಪಾಚಿಗಳು ಹೊರಬಿದ್ದವು, ಹವಳ ಬಿಳಿಚಿತು. ಆದರೆ ಪ್ಲವಕ ಸಿಕ್ಕ ಹವಳಗಳು ಸಾಯಲಿಲ್ಲ! ಯಂಗ್ ಮತ್ತು ಅವರ ಸಂಗಡಿಗರು ಇದರಿಂದ ತೀರ್ಮಾನಿಸಿದ್ದೇನೆಂದರೆ, ಹವಳ ಅಪ್ಪಟ ಮಾಂಸಾಹಾರಿ. ಪಾಚಿ ಅದರ ಅಡುಗೆಯವನಲ್ಲ, ಹೆಚ್ಚೆಂದರೆ ಕಸ ಎತ್ತುವವನು. ಪ್ರಯೋಗ ಸರಿ, ತೀರ್ಮಾನ ಅರ್ಧ ತಪ್ಪು. ಬದುಕಿ ಉಳಿಯುವುದಕ್ಕೂ ದಿಬ್ಬ ಕಟ್ಟುವಷ್ಟು ಬೆಳೆಯುವುದಕ್ಕೂ ಇರುವ ಅಂತರ ಅಲ್ಲಿ ಲೆಕ್ಕಕ್ಕೆ ಬರಲಿಲ್ಲ.

ಆ ಅಂತರವನ್ನು ತೋರಿಸಿದ್ದು ವಿಕಿರಣಶೀಲ ಸುಣ್ಣ. ಜಮೈಕಾದಲ್ಲಿ ಕೆಲಸ ಮಾಡುತ್ತಿದ್ದ ಥಾಮಸ್ ಗೊರೋ ಕ್ಯಾಲ್ಸಿಯಂ-45 ಬೆರೆಸಿದ ನೀರಿನಲ್ಲಿ ಹವಳಗಳನ್ನಿಟ್ಟು, ಅವುಗಳ ಅಸ್ಥಿಗೆ ಎಷ್ಟು ಸುಣ್ಣ ಸೇರುತ್ತಿದೆ ಎಂದು ಗಂಟೆಗಳ ಲೆಕ್ಕದಲ್ಲಿ ಅಳೆದರು. 1959ರಲ್ಲಿ ಪ್ರಕಟವಾದ ಆ ಅಳತೆಗಳ ಪ್ರಕಾರ ಬೆಳಕಿನಲ್ಲಿ ಸುಣ್ಣ ಕಟ್ಟುವ ವೇಗ ಕತ್ತಲಿಗಿಂತ ಹಲವು ಪಟ್ಟು ಹೆಚ್ಚು. ಮುಂದೆ ಬೇರೆಬೇರೆಯವರ ಫಲಿತಾಂಶಗಳನ್ನೆಲ್ಲ ಒಟ್ಟಿಗೆ ಹಾಕಿ ನೋಡಿದಾಗ ಇದು ಸುಮಾರು ಮೂರು ಪಟ್ಟು ಎಂದಾಯಿತು. 1969ರಲ್ಲಿ ಲೆನಾರ್ಡ್ ಮಸ್ಕಟೀನ್ ಮತ್ತು ಎಲ್ಸಾ ಸೆರ್ನಿಚಿಯಾರಿ ಕಾರ್ಬನ್-14 ಬಳಸಿ, ಪಾಚಿ ಬೆಳಕಿನಲ್ಲಿ ತಯಾರಿಸಿದ ಆಹಾರ ಹವಳದ ಅಂಗಾಂಶಕ್ಕೆ ದಾಟುವುದನ್ನು ಕಂಡರು. 1984ರ ಹೊತ್ತಿಗೆ ಕೆಂಪು ಸಮುದ್ರದ ಸ್ಟೈಲೋಫೋರಾ ಹವಳದ ಮೇಲಿನ ಅಧ್ಯಯನಗಳು ಇನ್ನೂ ಮುಂದೆ ಹೋದವು. ಚೆನ್ನಾಗಿ ಬಿಸಿಲು ಬೀಳುವ ಕಡೆ ಪಾಚಿ ತಾನು ಹಿಡಿದ ಇಂಗಾಲದಲ್ಲಿ ಶೇ. 90ಕ್ಕಿಂತ ಹೆಚ್ಚನ್ನು ಮನೆಯೊಡೆಯನಿಗೆ ಒಪ್ಪಿಸುತ್ತದೆ ಎಂದು ಅವು ಹೇಳಿದವು. ಬೆಂಗಳೂರಿನ ಯಾವ ಬಾಡಿಗೆದಾರನೂ ಇಷ್ಟು ಕೊಡುವುದಿಲ್ಲ (ಅಷ್ಟು ಕೇಳುವ ಮನೆಯೊಡೆಯರು ಇರಬಹುದು).

ಸಾಕುವವರ ದೀಪಗಳು

ವಿಜ್ಞಾನಿಗಳು ಹೀಗೆ ಬಾಡಿಗೆಯ ಲೆಕ್ಕ ಹಾಕುತ್ತಿದ್ದಾಗ ಇನ್ನೊಂದು ಕಡೆ ಹವಳ ಸಾಕುವ ಹಂಬಲದವರು ತಮ್ಮದೇ ಪಾಡಿನಲ್ಲಿದ್ದರು. ಮೊದಲು ಗೆದ್ದವರು ಬಿಸಿಲಿದ್ದ ಊರಿನವರು. ನ್ಯೂ ಕ್ಯಾಲಿಡೋನಿಯಾದ ನೂಮೆಯಾದಲ್ಲಿ ರೆನೆ ಕತಲಾ 1956ರಲ್ಲಿ ತೆರೆದ ಅಕ್ವೇರಿಯಂನಲ್ಲಿ ಸಮುದ್ರದ ನೀರೇ ಹರಿದುಬರುತ್ತಿತ್ತು, ಬೆಳಕು ಆಕಾಶದ್ದೇ. ಅಲ್ಲಿ ಅವರು ಆಳದಿಂದ ತಂದ ಹವಳಗಳಿಗೆ ಕತ್ತಲಲ್ಲಿ ಅತಿನೇರಳೆ ದೀಪ ಹಿಡಿದು ಅವು ಹಸಿರು, ಕಿತ್ತಳೆ, ಕೆಂಪಾಗಿ ಹೊಳೆಯುವುದನ್ನು ಲೋಕಕ್ಕೆ ತೋರಿಸಿದರು. ನನ್ನ ಗೆಳೆಯರ ಡ್ರಾಯಿಂಗ್ ರೂಮಿನ ಕೆಂಡಕ್ಕೆ ಮೂಲಪುರುಷ ಆತನೇ ಎನ್ನಬಹುದು. ಜಕಾರ್ತಾದ ಲೀ ಚಿನ್ ಎಂಗ್ 1961ರಲ್ಲಿ ಬರೆದ ಲೇಖನದಲ್ಲಿ ಹೇಳಿದ ಉಪಾಯ ಇನ್ನೂ ಸರಳ. ಸಮುದ್ರದ ಜೀವಂತ ಕಲ್ಲು, ಗಾಳಿಗುಳ್ಳೆ, ಬಿಸಿಲು. ಇಷ್ಟೇ.

ಬಿಸಿಲಿಲ್ಲದ ಯುರೋಪಿನಲ್ಲಿ ಇದು ನಡೆಯಲಿಲ್ಲ. ಸಾಧಾರಣ ಟ್ಯೂಬ್‌ಲೈಟಿನ ಕೆಳಗೆ ಹವಳ ವಾರಗಟ್ಟಲೆ ಸೊರಗಿ ಸಾಯುತ್ತಿತ್ತು. ಮನುಷ್ಯನ ಕಣ್ಣಿಗೆ ತೊಟ್ಟಿ ಬೆಳಗುತ್ತಿತ್ತು, ಹವಳದ ಪಾಲಿಗೆ ಅದು ಅಮಾವಾಸ್ಯೆ. ಬರ್ಲಿನ್‌ನ ಹವ್ಯಾಸಿಗಳು 1980ರ ದಶಕದಲ್ಲಿ ದಾರಿ ಕಂಡುಕೊಂಡರು. ಕ್ರೀಡಾಂಗಣ, ಅಂಗಡಿ ಮುಂಗಟ್ಟುಗಳಲ್ಲಿ ಉರಿಯುವ ಮೆಟಲ್ ಹ್ಯಾಲೈಡ್ ದೀಪವನ್ನು ತೊಟ್ಟಿಯ ಮೇಲೆ ನೇತುಹಾಕಿದರು. 150 ವಾಟ್, 250 ವಾಟ್, ಕೊನೆಗೆ 400 ವಾಟ್. ಡೀಟ್ರಿಶ್ ಸ್ಟ್ಯೂಬರ್ ಎಂಬ ಬರ್ಲಿನ್ ಹವ್ಯಾಸಿಯ ತೊಟ್ಟಿಯಲ್ಲಿ ಬೆಳೆದ ಅಕ್ರೊಪೋರಾ ಹವಳದ ತುಂಡುಗಳು ಕೈಯಿಂದ ಕೈಗೆ ದಾಟಿ ಯುರೋಪಿನ ತುಂಬ ಹರಡಿದವು. ಕವಲೊಡೆಯುವ ಗಟ್ಟಿ ಹವಳವನ್ನು ಮನೆಯಲ್ಲಿ ಬೆಳೆಸಬಹುದು, ತುಂಡರಿಸಿ ಹಂಚಲೂಬಹುದು ಎಂಬುದು ಆಗ ಸಾಬೀತಾಯಿತು. ನಮ್ಮಲ್ಲಿ ದಾಸವಾಳದ ಕಡ್ಡಿ ಬೇಲಿಯಾಚೆ ದಾಟುತ್ತದಲ್ಲ, ಹಾಗೆ.

ದೀಪ ಗೆದ್ದಿತು, ಜತೆಗೆ ಬಿಸಿಯನ್ನೂ ತಂದಿತು. 400 ವಾಟ್‌ನ ಎರಡು ದೀಪ ಉರಿಸಿದರೆ ತೊಟ್ಟಿಯ ನೀರು ಕಾಯುತ್ತದೆ. ನೀರು ತಣಿಸಲು ಚಿಲ್ಲರ್ ಬೇಕು. ಎರಡಕ್ಕೂ ಕರೆಂಟು ಬೇಕು. ಹೊಸ ಬಲ್ಬಿನ ಬಣ್ಣ ವರ್ಷದೊಳಗೆ ಜಾರಿ ಹಳದಿಗೆ ತಿರುಗುತ್ತಿತ್ತು. ಇದರ ಜತೆಗೆ ‘ಆಕ್ಟಿನಿಕ್’ ಎಂಬ ನೀಲಿ ಟ್ಯೂಬುಗಳು ಬಂದವು. 420 ನ್ಯಾನೋಮೀಟರ್ ಅಲೆಯುದ್ದದ ಸುತ್ತ ಬೆಳಗುವ, ಕಣ್ಣಿಗೆ ಮಬ್ಬಾಗಿ ಕಾಣುವ ಟ್ಯೂಬುಗಳು. ನಂತರ ಕೆಲ್ವಿನ್ ಹುಚ್ಚು ಶುರುವಾಯಿತು. 6,500 ಕೆಲ್ವಿನ್ ಎಂದರೆ ಹಗಲಿನ ಬಿಳಿ, 10,000 ತಣ್ಣನೆಯ ಬಿಳಿ, 20,000 ಕಡುನೀಲಿ. ಡಬ್ಬಿಯ ಮೇಲಿನ ಅಂಕಿ ಹೆಚ್ಚಿದಷ್ಟೂ ಹವಳಕ್ಕೆ ಒಳ್ಳೆಯದು ಎಂಬಂತೆ ಮಾರಾಟ ನಡೆಯಿತು. ಕೆಲ್ವಿನ್ ಅನ್ನುವುದು ದೀಪದ ಛಾಯೆ ಮನುಷ್ಯನ ಕಣ್ಣಿಗೆ ಹೇಗೆ ಕಾಣುತ್ತದೆ ಎಂಬುದರ ಅಂದಾಜು, ಅಷ್ಟೆ. ಒಂದೇ ಕೆಲ್ವಿನ್ ಇರುವ ಎರಡು ದೀಪಗಳೊಳಗೆ ಬೇರೆಬೇರೆ ಅಲೆಯುದ್ದಗಳು ತುಂಬಿರಬಹುದು. ಅಮೆರಿಕದ ಪೆನ್ ಸ್ಟೇಟ್ ವಿಶ್ವವಿದ್ಯಾಲಯದ ಎಂಜಿನಿಯರಿಂಗ್ ಪ್ರಾಧ್ಯಾಪಕ, ಸ್ವತಃ ಹವಳ ಸಾಕುವ ಸಂಜಯ್ ಜೋಶಿ ಮಾರುಕಟ್ಟೆಯ ದೀಪಗಳನ್ನು ಒಂದೊಂದಾಗಿ ರೋಹಿತಮಾಪಕದ ಮುಂದಿಟ್ಟು ಅಳೆದು ಪ್ರಕಟಿಸತೊಡಗಿದ ಮೇಲೆಯೇ ಡಬ್ಬಿಯ ಮಾತಿಗೂ ಒಳಗಿನ ಬೆಳಕಿಗೂ ಇದ್ದ ಅಂತರ ಹವ್ಯಾಸಿಗಳಿಗೆ ಕಂಡದ್ದು.

ಹನಿ ಎಣಿಸುವ ಮೀಟರ್

ಅಳತೆಯ ಕತೆ ಇಲ್ಲಿ ಸ್ವಲ್ಪ ನಿಧಾನವಾಗಿ ಹೇಳಬೇಕು, ಏಕೆಂದರೆ ಈ ಇಡೀ ವಿದ್ಯೆಯ ತಿರುವು ಅಲ್ಲಿದೆ.

ಲಕ್ಸ್ ಮೀಟರ್ ಇದೆಯಲ್ಲ, ಫೋಟೋ ತೆಗೆಯುವವರು, ಕಟ್ಟಡದವರು ಬಳಸುವಂಥದ್ದು, ಅದನ್ನು ಮನುಷ್ಯನ ಕಣ್ಣಿಗೆ ಹೊಂದಿಸಿ ಮಾಡಿದ್ದಾರೆ. ನಮ್ಮ ಕಣ್ಣು 555 ನ್ಯಾನೋಮೀಟರಿನ ಹಸಿರು-ಹಳದಿಗೆ ಹೆಚ್ಚು ಸಂವೇದಿ, 450ರ ನೀಲಿಗೆ ಬಹುಪಾಲು ಕುರುಡು. ಹಾಗಾಗಿ ಕಡುನೀಲಿ ದೀಪದ ಕೆಳಗೆ ಲಕ್ಸ್ ಮೀಟರ್ ‘ಬೆಳಕೇ ಇಲ್ಲ’ ಎನ್ನುತ್ತದೆ, ಅದೇ ಹೊತ್ತಿಗೆ ಹವಳ ಸುಟ್ಟುಹೋಗುತ್ತಿರುತ್ತದೆ. ಪಾಚಿಗೆ ಬೇಕಾದದ್ದು ಹೊಳಪಲ್ಲ, ಫೋಟಾನುಗಳ ಸಂಖ್ಯೆ. ಮಳೆಯನ್ನು ಸದ್ದಿನಿಂದ ಅಳೆಯುವುದಕ್ಕೂ ಬಿದ್ದ ಹನಿಗಳನ್ನು ಎಣಿಸುವುದಕ್ಕೂ ಇರುವ ವ್ಯತ್ಯಾಸ ಇದು. 1970ರ ದಶಕದ ಆರಂಭದಲ್ಲಿ ಟೆಕ್ಸಾಸ್‌ನ ಕೀತ್ ಮಕ್‌ಕ್ರೀ ಬೆಳೆಗಳ ಎಲೆಗಳ ಮೇಲೆ ಮಾಡಿದ ಅಳತೆಗಳಿಂದ 400ರಿಂದ 700 ನ್ಯಾನೋಮೀಟರ್ ನಡುವಿನ ಫೋಟಾನುಗಳನ್ನು ಎಣಿಸುವ ಪದ್ಧತಿ ನೆಲೆಯಾಯಿತು. ಕೃಷಿಯಿಂದ ಬಂದ ಈ ಅಳತೆಯನ್ನು ಹವಳದವರು ‘ಪಾರ್’ ಎನ್ನುತ್ತಾರೆ. ಒಂದು ಚದರ ಮೀಟರಿಗೆ ಸೆಕೆಂಡಿಗೆ ಇಷ್ಟು ಮೈಕ್ರೋಮೋಲ್ ಎಂಬುದು ಅದರ ಏಕಮಾನ. ಬಾಯಿಮಾತಿನಲ್ಲಿ ‘ನಿಮ್ಮ ಕಲ್ಲಿನ ತುದಿಯಲ್ಲಿ ಪಾರ್ ಎಷ್ಟು?’ ಎಂದು ಕೇಳುವುದಷ್ಟೇ.

ಉಷ್ಣವಲಯದ ನಡುಹಗಲ ಬಿಸಿಲಿನಲ್ಲಿ ಸಮುದ್ರದ ಮೇಲ್ಮೈಗೆ ಸುಮಾರು 2,000 ಪಾರ್ ಬೀಳುತ್ತದೆ. ತಿಳಿನೀರಿನಲ್ಲೂ ಹತ್ತು ಮೀಟರ್ ಇಳಿಯುವಷ್ಟರಲ್ಲಿ ಅದರ ಅರ್ಧಕ್ಕಿಂತ ಕಡಿಮೆ ಉಳಿಯುತ್ತದೆ. ಈ ಅಂಕಿ ನೋಡಿ ತೊಟ್ಟಿಗೂ ಸಾವಿರ, ಎರಡು ಸಾವಿರ ಬೇಕೆಂದು ಹಲವರು ದೀಪ ಏರಿಸಿದರು. ಅಲ್ಲಿ ದ್ಯುತಿಸಂಶ್ಲೇಷಣೆಯ ರೇಖೆ ಅವರನ್ನು ತಡೆಯಿತು. ಬೆಳಕು ಏರಿದಂತೆ ಪಾಚಿಯ ಉತ್ಪಾದನೆಯೂ ಏರುತ್ತದೆ, ಒಂದು ಮಟ್ಟದಲ್ಲಿ ಸಮತಟ್ಟಾಗುತ್ತದೆ, ಆಮೇಲೆ ಇಳಿಯಲೂಬಹುದು. ಅಮೆರಿಕದ ಡೇನಾ ರಿಡಲ್ ಮುಂತಾದವರು ಮನೆತೊಟ್ಟಿಯ ಹವಳಗಳ ಮೇಲೆ ಅಳೆದು ನೋಡಿದಾಗ, ಹಲವು ಹವಳಗಳು 200ರಿಂದ 400ರ ನಡುವೆಯೇ ಹೊಟ್ಟೆ ತುಂಬಿಸಿಕೊಳ್ಳುವುದು ಕಂಡುಬಂತು. ಅದರ ಮೇಲೆ ಸುರಿದ ಬೆಳಕು ಊಟವಲ್ಲ, ಹೊರೆ. ಕ್ರಮೇಣ ಹವ್ಯಾಸಿಗಳ ನಡುವೆ ಒಂದು ಒಪ್ಪಂದದ ಲೆಕ್ಕ ಬೆಳೆಯಿತು: ಅಣಬೆ ಹವಳ ಮತ್ತು ಮೆತ್ತನೆಯ ಹವಳಗಳಿಗೆ 50ರಿಂದ 150, ದಪ್ಪ ಮಾಂಸಲ ಪಾಲಿಪ್‌ಗಳ ಗಟ್ಟಿ ಹವಳಕ್ಕೆ ಹೆಚ್ಚುಕಡಿಮೆ ಅಷ್ಟೇ, ಅಕ್ರೊಪೋರಾದಂಥ ಕವಲುಹವಳಕ್ಕೆ 200ರಿಂದ 350. ಇದು ಶಾಸನವಲ್ಲ, ಅಡುಗೆಯವರ ‘ಒಂದು ಹಿಡಿ ಬೇಳೆ’ ಇದ್ದಂತೆ. ಆದರೆ ಬಹುಮಟ್ಟಿಗೆ ಕೈಕೊಡುವುದಿಲ್ಲ.

ಹೊರೆ ಅಂದೆನಲ್ಲ, ಅದರ ಬಗೆ ಹೀಗೆ. ಪಾಚಿ ಬಳಸಿಕೊಳ್ಳಲಾಗದಷ್ಟು ಫೋಟಾನುಗಳು ಬಂದಾಗ ಅದರ ದ್ಯುತಿಯಂತ್ರದ ಭಾಗಗಳು ರಿಪೇರಿಯಾಗುವುದಕ್ಕಿಂತ ಬೇಗ ಹಾಳಾಗುತ್ತವೆ. ಹೆಚ್ಚುವರಿ ಶಕ್ತಿ ಆಮ್ಲಜನಕದ ಮೇಲೆ ತಿರುಗಿ, ಕೋಶಗಳನ್ನು ಸುಡುವ ಉಗ್ರ ರೂಪಗಳು ಹುಟ್ಟುತ್ತವೆ. ನೀರು ಬಿಸಿಯಾದರೆ ಈ ರಿಪೇರಿ ಇನ್ನೂ ನಿಧಾನ. ಕೊನೆಗೆ ಹವಳ ತನ್ನ ಅಡುಗೆಯವನನ್ನೇ ಹೊರಹಾಕುತ್ತದೆ, ಬಿಳಿಚಿಕೊಳ್ಳುತ್ತದೆ. ಸಮುದ್ರದ ಸಾಮೂಹಿಕ ಬಿಳಿಚುವಿಕೆಗೆ ಬಿಸಿನೀರೇ ಮುಖ್ಯ ಕಾರಣವಾದರೂ ಬೆಳಕು ಅದರ ಪಾಲುದಾರ ಎಂಬುದು 1990ರ ದಶಕದಲ್ಲಿ ಖಚಿತವಾಯಿತು. 1998ರಲ್ಲಿ ಜಗತ್ತಿನ ಹವಳಗಳು ಬಿಳಿಚುತ್ತಿದ್ದಾಗ ಪೆಸಿಫಿಕ್ಕಿನ ಸೊಸೈಟಿ ದ್ವೀಪಗಳ ದಿಬ್ಬಗಳು ಬಹುಮಟ್ಟಿಗೆ ಪಾರಾದವು. ನೀರು ಅಲ್ಲೂ ಕಾದಿತ್ತು. ಆದರೆ ಮೋಡ ಕವಿದಿತ್ತು. ಆಸ್ಟ್ರೇಲಿಯಾದವರು 2020ರಲ್ಲಿ ಹಡಗಿನಿಂದ ಸಮುದ್ರದ ನೀರನ್ನು ಸೂಕ್ಷ್ಮ ಹನಿಗಳಾಗಿ ಚಿಮ್ಮಿಸಿ ಮೋಡವನ್ನು ಬೆಳ್ಳಗೆ ಮಾಡುವ ಪ್ರಯೋಗಕ್ಕೆ ಕೈಹಾಕಿದ್ದು ಇದೇ ತರ್ಕದಿಂದ. ಒಂದಿಡೀ ದಿಬ್ಬಕ್ಕೆ ಕೊಡೆ ಹಿಡಿಯುವ ಸಾಹಸ ಅದು. ನನಗೇನೋ ಅದರ ಮೇಲೆ ಅಂಥ ಭರವಸೆಯಿಲ್ಲ, ಆದರೆ ತರ್ಕ ಸರಿಯಾಗಿದೆ.

ನೀಲಿ ಏಕೆ?

1921ರಲ್ಲಿ ಹಡಗಿನಲ್ಲಿ ಯುರೋಪಿನಿಂದ ಮರಳುತ್ತಿದ್ದ ಸಿ.ವಿ. ರಾಮನ್ ಮೆಡಿಟರೇನಿಯನ್ನಿನ ನೀಲಿ ಕಂಡು, ಅದು ಬರೀ ಆಕಾಶದ ಪ್ರತಿಬಿಂಬವಲ್ಲ, ನೀರಿನ ಅಣುಗಳೇ ಬೆಳಕನ್ನು ಚದುರಿಸುತ್ತವೆ ಎಂದು ವಾದಿಸಿದ್ದು ನಮಗೆ ಗೊತ್ತಿರುವ ಕತೆ. ಅದರ ಇನ್ನೊಂದು ಮುಖ ನೀರು ಕೆಂಪನ್ನು ನುಂಗುತ್ತದೆ ಎಂಬುದು. ಮೊದಲ ಕೆಲವು ಮೀಟರುಗಳಲ್ಲೇ ಕೆಂಪು ಬಹುಪಾಲು ಮುಗಿದುಹೋಗುತ್ತದೆ. ಮುರುಡೇಶ್ವರದಿಂದ ದೋಣಿ ಹತ್ತಿ ನೇತ್ರಾಣಿಗೆ ಹೋಗಿ ನೀರಿಗಿಳಿದವರನ್ನು ಕೇಳಿ, ಆಳಕ್ಕೆ ಹೋದಂತೆ ಕೆಂಪು ಈಜುಡುಗೆ ಮಸಿಬಣ್ಣಕ್ಕೆ ತಿರುಗುವುದನ್ನು ಹೇಳುತ್ತಾರೆ. ತಿಳಿಯಾದ ಸಾಗರದಲ್ಲಿ ಅತಿ ಆಳಕ್ಕೆ ಇಳಿಯುವುದು ನೀಲಿ.

ಹವಳದ ಪಾಚಿ ಈ ನೀಲಿ ಲೋಕಕ್ಕೆ ಹೊಂದಿಕೊಂಡ ಜೀವಿ. ನೆಲದ ಗಿಡಗಳಲ್ಲಿರುವ ಪತ್ರಹರಿತ್ತಿನ ಜತೆಗೆ ಅದರಲ್ಲಿ ಕ್ಲೋರೋಫಿಲ್-ಸಿ, ಪೆರಿಡಿನಿನ್ ಎಂಬ ಬೇರೆ ವರ್ಣದ್ರವ್ಯಗಳಿವೆ. ಇವೆಲ್ಲ ಸೇರಿ ಸುಮಾರು 400ರಿಂದ 530 ನ್ಯಾನೋಮೀಟರ್‌ವರೆಗೆ ನೇರಳೆ, ನೀಲಿ, ನೀಲಿಹಸಿರನ್ನು ಬಲೆ ಬೀಸಿ ಹಿಡಿಯುತ್ತವೆ. ಕೆಂಪಿನಲ್ಲೂ ಪತ್ರಹರಿತ್ತಿನ ಒಂದು ಸಣ್ಣ ಗುಡ್ಡ ಇದೆ. ಅದನ್ನು ನೋಡಿ, ‘ತರಕಾರಿ ನರ್ಸರಿಯಲ್ಲಿ ಕೆಂಪು ದೀಪ ಹಾಕುತ್ತಾರಲ್ಲ, ಹವಳಕ್ಕೂ ಹಾಕಿದರೆ ಬೇಗ ಬೆಳೆದೀತು’ ಎಂದು ಯೋಚಿಸಿದವರು ಬಹಳ. 1984ರಲ್ಲಿ ಹವಾಯಿಯಲ್ಲಿ ರಾಬರ್ಟ್ ಕಿನ್‌ಝಿ ಮತ್ತು ಸಂಗಡಿಗರು ಬೇರೆಬೇರೆ ಬಣ್ಣದ ಬೆಳಕಿನಲ್ಲಿ ಹವಳ ಬೆಳೆಸಿ ನೋಡಿದರು. ನೀಲಿ, ಬಿಳಿ ಮುಂದೆ ನಿಂತವು, ಕೆಂಪು ಹಿಂದುಳಿಯಿತು. 2014ರಲ್ಲಿ ನೆದರ್ಲೆಂಡ್ಸ್‌ನ ಟಿಮ್ ವೈಗರ್ಡ ತಂಡ ಎಲ್‌ಇಡಿಗಳಿಂದ ಇದನ್ನು ಇನ್ನೂ ಚೊಕ್ಕಟವಾಗಿ ಪರೀಕ್ಷಿಸಿತು. ಸ್ಟೈಲೋಫೋರಾಕ್ಕೆ ಕೆಂಪು ಮಾತ್ರ ಕೊಟ್ಟಾಗ ಅದರ ಪಾಚಿ ಕಡಿಮೆಯಾಯಿತು, ಆರೋಗ್ಯ ಕುಸಿಯಿತು; ಕೆಂಪಿನ ಜತೆ ನೀಲಿ ಸೇರಿಸಿದಾಗ ಆ ಕೆಡುಕು ಹಿಂದೆ ಸರಿಯಿತು. ಆಳದ ಜೀವಿಗೆ ಕೆಂಪು ಬೆಳಕೆಂದರೆ ‘ನೀನು ತೀರಾ ಮೇಲೆ ಬಂದಿದ್ದೀಯ, ಬಿಸಿಲು ಸುಡುತ್ತದೆ, ಪಾಚಿ ಇಳಿಸು’ ಎಂಬ ಸೂಚನೆಯಾಗಿರಬಹುದು ಎಂಬ ವಿವರಣೆ ನನಗೆ ಹಿಡಿಸುತ್ತದೆ. ಹಾಗಾದರೆ ಬೆಳಕು ಊಟ ಮಾತ್ರವಲ್ಲ, ಸುದ್ದಿ ಕೂಡ.

ವೈಗರ್ಡ ತಂಡದ ಪ್ರಯೋಗಕ್ಕೂ ಮನೆತೊಟ್ಟಿಯ ಕ್ರಾಂತಿಗೂ ನೀಲಿ ಎಲ್‌ಇಡಿಯೇ ಮೂಲ. ಅಕಸಾಕಿ, ಅಮಾನೊ, ನಕಮುರಾ ಎಂಬ ಮೂವರು ಜಪಾನೀ ಮೂಲದ ವಿಜ್ಞಾನಿಗಳಿಗೆ 2014ರ ಭೌತವಿಜ್ಞಾನದ ನೊಬೆಲ್ ತಂದುಕೊಟ್ಟದ್ದು ಇದೇ. 2000ರ ದಶಕದ ಮಧ್ಯದಲ್ಲಿ ಮೊದಲ ಎಲ್‌ಇಡಿ ಹವಳದೀಪಗಳು ಬಂದಾಗ ಜನ ನಕ್ಕರು. ಹತ್ತು ವರ್ಷದಲ್ಲಿ ಮೆಟಲ್ ಹ್ಯಾಲೈಡ್ ಮೂಲೆ ಸೇರಿತು. ಬಿಸಿ ಕಡಿಮೆ, ಕರೆಂಟು ಕಡಿಮೆ, ಫೋನಿನಲ್ಲಿ ಬೆರಳಾಡಿಸಿದರೆ ಬಣ್ಣ ಬದಲು. ಆ ಬೆರಳೇ ಹೊಸ ಕಾಯಿಲೆಯನ್ನೂ ತಂದಿತು. ಹಳೆಯ ಟ್ಯೂಬಿನ ಕೆಳಗೆ ವರ್ಷಗಟ್ಟಲೆ ಕೂತಿದ್ದ ಹವಳದ ಮೇಲೆ ಒಂದೇ ದಿನ ಎಲ್‌ಇಡಿಯನ್ನು ಪೂರ್ತಿ ತೆರೆದು, ವಾರದೊಳಗೆ ಬಿಳಿ ಅಸ್ಥಿ ಕಂಡು ಕಂಗಾಲಾದವರು ಊರೂರಲ್ಲಿದ್ದಾರೆ. ದೀಪ ಕಣ್ಣಿಗೆ ಮೊದಲಿಗಿಂತ ಮಬ್ಬಾಗಿಯೇ ಇತ್ತು! ಹಳೆಯ ಪಾರ್ ಮೀಟರುಗಳ ಕೆಲವು ಸಂವೇದಕಗಳು ಕೂಡ ಕಡುನೀಲಿಯನ್ನು ನಿಜಕ್ಕಿಂತ ಕಡಿಮೆ ತೋರಿಸುತ್ತಿದ್ದವು. ಎಲ್‌ಇಡಿಗಾಗಿಯೇ ಸಂವೇದಕ ತಿದ್ದಬೇಕಾಯಿತು.

ಬಣ್ಣವೇ ಕೊಡೆ

ಈಗ ಆ ಕೆಂಡದ ವಿಷಯ.

ಹವಳದ ಹೊಳಪು ಪಾಚಿಯದಲ್ಲ, ಪ್ರಾಣಿಯದೇ. ನೀಲಿ ಬೆಳಕನ್ನು ಹೀರಿ ಹಸಿರು ಅಥವಾ ಕೆಂಪಾಗಿ ಮರಳಿಸುವ ಪ್ರೋಟೀನುಗಳು ಅದರ ಚರ್ಮದಲ್ಲಿವೆ. ಈ ಜಾತಿಯ ಮೊದಲ ಪ್ರೋಟೀನನ್ನು ಒಸಾಮು ಶಿಮೊಮುರಾ 1962ರಲ್ಲಿ ಲೋಳೆಮೀನಿನಲ್ಲಿ ಕಂಡರು. 1999ರಲ್ಲಿ ಮಾಸ್ಕೋದ ಸೆರ್ಗೆಯ್ ಲುಕ್ಯಾನೊವ್ ತಂಡ ಹವಳಗಳ ಬಳಗದಲ್ಲೂ ಅದರ ಸೋದರರನ್ನು ಹುಡುಕಿತು, ಕೆಂಪು ಹೊಳಪಿನ ಪ್ರೋಟೀನ್ ಸಮೇತ. ಅದು ಸಿಕ್ಕಿದ್ದು ಸಾಗರದಾಳದ ಯಾವುದೋ ಅಪರೂಪದ ಜೀವಿಯಲ್ಲ, ಅಕ್ವೇರಿಯಂನಲ್ಲಿ ಬೆಳೆಯುವ ಡಿಸ್ಕೊಸೋಮಾ ಎಂಬ ಅಣಬೆ ಹವಳದಲ್ಲಿ. ನನ್ನ ಗೆಳೆಯರ ತೊಟ್ಟಿಯ ಕೆಂಡದ ಬಳಗವೇ. ಇಂದು ಜಗತ್ತಿನ ಎಷ್ಟೋ ಪ್ರಯೋಗಾಲಯಗಳಲ್ಲಿ ಕೋಶಗಳಿಗೆ ಕೆಂಪು ಗುರುತು ಹಚ್ಚುವುದು ಅದರ ವಂಶದ ಪ್ರೋಟೀನಿನಿಂದ. ಲೋಳೆಮೀನಿನ ಆ ಮೊದಲ ಪ್ರೋಟೀನಿನ ಶೋಧ, ಬೆಳವಣಿಗೆಗಾಗಿ 2008ರ ರಸಾಯನ ನೊಬೆಲ್ ಶಿಮೊಮುರಾ, ಚಾಲ್ಫಿ ಮತ್ತು ಚಿಯೆನ್ ಅವರ ಪಾಲಾಯಿತು.

ಹವಳಕ್ಕೆ ಇದರಿಂದ ಏನು ಲಾಭ? ಪಲಾವು ದ್ವೀಪದಲ್ಲಿ ಕೆಲಸ ಮಾಡಿದ ಜಪಾನಿನ ಸಿರೊ ಕವಗುಟಿ 1940ರ ದಶಕದಲ್ಲೇ ‘ಬಿಸಿಲಿನಿಂದ ರಕ್ಷಣೆ’ ಎಂದು ಊಹಿಸಿದ್ದರು. 2000ದಲ್ಲಿ ಅನ್ಯಾ ಸಾಲಿಹ್ ಮತ್ತು ಸಂಗಡಿಗರು ಗ್ರೇಟ್ ಬ್ಯಾರಿಯರ್ ರೀಫ್‌ನ ಹವಳಗಳಲ್ಲಿ ಈ ಊಹೆಗೆ ಪುರಾವೆ ಕೊಟ್ಟರು. ಇಂಗ್ಲೆಂಡಿನ ಸೌತಾಂಪ್ಟನ್ ವಿಶ್ವವಿದ್ಯಾಲಯದಲ್ಲಿ ಯೋರ್ಗ್ ವೀಡನ್‌ಮನ್ ಮತ್ತು ಸಿಸಿಲಿಯಾ ಡಿ’ಏಂಜಲೊ ಅಕ್ವೇರಿಯಂ ತೊಟ್ಟಿಗಳಲ್ಲೇ ಹವಳ ಬೆಳೆಸಿ, 2008ರಲ್ಲಿ ಒಂದು ಮುಖ್ಯ ಕೊಂಡಿ ಜೋಡಿಸಿದರು. ಹಲವು ಹವಳಗಳಲ್ಲಿ ಈ ವರ್ಣದ್ರವ್ಯ ಎಷ್ಟು ತಯಾರಾಗಬೇಕೆಂಬುದನ್ನು ನಿರ್ಧರಿಸುವುದು ನೀಲಿ ಬೆಳಕಿನ ಪ್ರಮಾಣ. ನೀಲಿ ಹೆಚ್ಚಿದಷ್ಟೂ ಪ್ರಾಣಿ ತನ್ನ ಮೇಲೆ ಬಣ್ಣದ ಕೊಡೆ ಬಿಚ್ಚುತ್ತದೆ, ಕೆಳಗಿನ ಪಾಚಿಗೆ ನೆರಳು ಮಾಡುತ್ತದೆ. ಆಳದ ಹವಳಗಳಲ್ಲಿ ಇದೇ ಬಗೆಯ ಪ್ರೋಟೀನು ತಿರುವುಮುರುವು ಕೆಲಸ ಮಾಡುತ್ತದೆ, ಬಡ ನೀಲಿ ಬೆಳಕನ್ನು ಕಿತ್ತಳೆ-ಕೆಂಪಾಗಿ ಬದಲಿಸಿ ಅಂಗಾಂಶದ ಒಳಪದರದ ಪಾಚಿಗೂ ತಲುಪಿಸುತ್ತದೆ ಎಂದು ಅದೇ ಗುಂಪು 2017ರಲ್ಲಿ ತೋರಿಸಿತು. ಮೇಲೆ ಕೊಡೆ, ಕೆಳಗೆ ಕಂದೀಲು.

2020ರಲ್ಲಿ ಬಂದ ಅವರ ಇನ್ನೊಂದು ಕೆಲಸವನ್ನು ಪ್ರತಿಯೊಬ್ಬ ಹವ್ಯಾಸಿಯೂ ಓದಬೇಕು. ಕೆಲವು ಹವಳಗಳು ಬಿಳಿಚುವಾಗ ಬೆಳ್ಳಗಾಗದೆ ಗುಲಾಬಿ, ನೇರಳೆ, ಹಳದಿಯಾಗಿ ಝಗಮಗಿಸುತ್ತವೆ. ಕಾರಣ ಹೀಗಿದೆ. ಹವಳದ ಬಿಳಿ ಅಸ್ಥಿ ಕನ್ನಡಿಯಂತೆ ಬೆಳಕನ್ನು ಮತ್ತೆಮತ್ತೆ ಚಿಮ್ಮಿಸುತ್ತದೆ. ಪಾಚಿ ಇರುವವರೆಗೆ ಅದನ್ನು ಪಾಚಿ ಹೀರುತ್ತದೆ. ಪಾಚಿ ಕಳೆದುಹೋದಾಗ ಒಳಗೆಲ್ಲ ನೀಲಿ ಬೆಳಕು ತುಂಬಿ, ಪ್ರಾಣಿ ಗಾಬರಿಯಿಂದ ಕೊಡೆಯ ಮೇಲೆ ಕೊಡೆ ಬಿಚ್ಚುತ್ತದೆ. ಹಾಗೆ ನೆರಳು ಸಿಕ್ಕರೆ ಪಾಚಿ ಮರಳಿ ಬರುವ ಆಸೆಯೂ ಇದೆ. ಅಂದರೆ ಅತ್ಯಂತ ಚೆಂದವಾಗಿ ಕಾಣುವ ಹವಳ ಸಂಕಟದಲ್ಲಿರಬಹುದು, ಸಾಧಾರಣ ಕಂದು ಹವಳ ಹೊಟ್ಟೆತುಂಬ ಉಂಡು ಸುಖವಾಗಿರಬಹುದು. ಮಾರುಕಟ್ಟೆಯಲ್ಲಿ ಬೆಲೆ ಮೊದಲನೆಯದಕ್ಕೆ. ಎಲ್ಲ ಬಣ್ಣವೂ ರೋಗವೆಂದು ನಾನು ಹೇಳುತ್ತಿಲ್ಲ; ಚೆನ್ನಾಗಿ ತಿಂದುಂಡು, ನೈಟ್ರೇಟ್, ಫಾಸ್ಫೇಟ್ ತಕ್ಕಷ್ಟಿರುವ ನೀರಿನಲ್ಲಿ ಬಣ್ಣವೂ ಬೆಳವಣಿಗೆಯೂ ಜತೆಗೇ ಬರುತ್ತವೆ. ಆದರೆ ನೀರನ್ನು ಬರಡು ಮಾಡಿ, ನೀಲಿಯನ್ನು ಸುರಿದು ಪಡೆದ ಬಣ್ಣವನ್ನು ಆರೋಗ್ಯವೆಂದು ಕರೆಯಲಾರೆ.

ದೀಪಕ್ಕೂ ಹುಣ್ಣಿಮೆ

ಬೆಳಕು ಸುದ್ದಿಯೂ ಹೌದು ಎಂಬುದಕ್ಕೆ ಇನ್ನೂ ಬಲವಾದ ಸಾಕ್ಷಿ ರಾತ್ರಿಯಲ್ಲಿದೆ. ಗ್ರೇಟ್ ಬ್ಯಾರಿಯರ್ ರೀಫ್‌ನ ನೂರಕ್ಕೂ ಹೆಚ್ಚು ಜಾತಿಯ ಹವಳಗಳು ವರ್ಷದಲ್ಲಿ ಕೆಲವೇ ರಾತ್ರಿ, ಹುಣ್ಣಿಮೆ ಕಳೆದು ಕೆಲವು ದಿನಕ್ಕೆ, ಒಟ್ಟಿಗೆ ಅಂಡ-ವೀರ್ಯ ಬಿಡುತ್ತವೆ ಎಂಬುದು 1980ರ ದಶಕದ ಶೋಧ. ಕಣ್ಣಿಲ್ಲದ ಜೀವಿಗೆ ಚಂದ್ರ ಕಾಣುವುದು ಹೇಗೆ? ಒರೆನ್ ಲೆವಿ ಮತ್ತು ಸಂಗಡಿಗರು 2007ರಲ್ಲಿ ಅಕ್ರೊಪೋರಾ ಮಿಲೆಪೋರಾದಲ್ಲಿ ನೀಲಿ ಬೆಳಕನ್ನು ಗುರುತಿಸುವ ಕ್ರಿಪ್ಟೊಕ್ರೋಮ್ ಎಂಬ ಪ್ರೋಟೀನುಗಳ ವಂಶವಾಹಿಗಳನ್ನು ಕಂಡರು. ಅವುಗಳಲ್ಲೊಂದು ಹುಣ್ಣಿಮೆಯ ರಾತ್ರಿಗಳಲ್ಲಿ ಚುರುಕಾಗುತ್ತಿತ್ತು.

ಲಂಡನ್ನಿನ ಹಾರ್ನಿಮನ್ ಮ್ಯೂಸಿಯಂನ ಅಕ್ವೇರಿಯಂನಲ್ಲಿ ಜೇಮೀ ಕ್ರಾಗ್ಸ್ ಇದನ್ನೇ ಹಿಡಿದು ಹೊರಟರು. ಸಮುದ್ರದಿಂದ ದೂರದ ಊರು, ಕಿಟಕಿಯ ಬೆಳಕು ಬೀಳದ ತೊಟ್ಟಿ. ಅದರಲ್ಲಿ ಎಲ್‌ಇಡಿ ಸೂರ್ಯ ಋತುಮಾನಕ್ಕೆ ತಕ್ಕಂತೆ ಏರುತ್ತಾನೆ, ಇಳಿಯುತ್ತಾನೆ. ಮಬ್ಬು ಬಿಳಿಯ ಪುಟ್ಟ ದೀಪವೊಂದು ಪಂಚಾಂಗದಂತೆ ಹುಣ್ಣಿಮೆ-ಅಮಾವಾಸ್ಯೆ ಪಾಲಿಸುತ್ತದೆ. ನೀರಿನ ಬಿಸಿಯೂ ಮೂಲ ದಿಬ್ಬದ ತಿಂಗಳ ಲೆಕ್ಕದಂತೆ. ಗೊತ್ತಾದ ರಾತ್ರಿ ಕೆಂಪು ಟಾರ್ಚ್ ಹಿಡಿದು ಕಾದರೆ, ಪ್ರತಿ ಪಾಲಿಪ್‌ನ ಬಾಯಲ್ಲಿ ಸಾಸಿವೆಯಷ್ಟು ಗಾತ್ರದ ಗುಲಾಬಿ ಗುಳಿಗೆ ಕಾಣಿಸಿಕೊಳ್ಳುತ್ತದೆ, ನಿಮಿಷಗಳ ಬಳಿಕ ಸಡಿಲಗೊಂಡು ಮೇಲೇಳುತ್ತದೆ. ನಾಲ್ಕು ಜಾತಿಯ ಅಕ್ರೊಪೋರಾಗಳು ಹೀಗೆ ಲಂಡನ್ನಿನಲ್ಲಿ ಸಂತಾನಕ್ಕೆ ಅಣಿಯಾದ ವರದಿ 2017ರಲ್ಲಿ ಪ್ರಕಟವಾಯಿತು. ಅದೇ ವಿಧಾನ ಅಟ್ಲಾಂಟಿಕ್ ದಾಟಿತು; 2019ರಲ್ಲಿ ಫ್ಲಾರಿಡಾ ಅಕ್ವೇರಿಯಂನಲ್ಲಿ ಅಳಿವಿನಂಚಿನ ಕಂಬಹವಳ ಅಂಡ-ವೀರ್ಯ ಬಿಟ್ಟಿತು. ಇಷ್ಟು ದಿನ ಹವಳದ ತೊಟ್ಟಿಯೆಂದರೆ ಶೋಕಿ ಎನ್ನುತ್ತಿದ್ದವರು ಇಲ್ಲಿ ಸುಮ್ಮನಾದರು. ಇದಕ್ಕೆ ವಿರುದ್ಧ ಮುಖವೂ ಇದೆ: ಕರಾವಳಿ ನಗರಗಳ ಬೀದಿದೀಪ ಬೀಳುವ ದಿಬ್ಬಗಳಲ್ಲಿ ಹವಳಗಳು ಒಂದರಿಂದ ಮೂರು ದಿನ ಮೊದಲೇ, ಹುಣ್ಣಿಮೆಗೆ ಹತ್ತಿರವಾಗಿ ಬೀಜ ಚೆಲ್ಲುತ್ತಿವೆ ಎಂದು 2023ರ ಜಾಗತಿಕ ಅಧ್ಯಯನವೊಂದು ಹೇಳಿತು. ನೆರೆಯ ದಿಬ್ಬದವು ಅಂದು ಇನ್ನೂ ಸಿದ್ಧವಾಗಿರುವುದಿಲ್ಲ.

ನಮ್ಮ ಕಡೆ

ಕನ್ನಡಿಗರಿಗೆ ಹವಳದ ದಿಬ್ಬ ತೀರಾ ದೂರದ ಮಾತಲ್ಲ. ಲಕ್ಷದ್ವೀಪದ ಅಮಿನಿ ಗುಂಪಿನ ದ್ವೀಪಗಳು 1956ರವರೆಗೆ ದಕ್ಷಿಣ ಕನ್ನಡ ಜಿಲ್ಲೆಯ ಆಡಳಿತದಲ್ಲಿದ್ದವು. ಮಂಗಳೂರಿನ ಹಳೆ ಬಂದರಿನಿಂದ ಆ ದ್ವೀಪಗಳಿಗೆ ಇಂದಿಗೂ ಸರಕು ಹೋಗುತ್ತದೆ. 1998ರ ಬಿಳಿಚುವಿಕೆ ಅಲ್ಲಿನ ದಿಬ್ಬಗಳನ್ನು ಜರ್ಜರಗೊಳಿಸಿತು. ಅಂದಿನಿಂದ ಅವುಗಳ ಏಳುಬೀಳನ್ನು ಬೆನ್ನುಹತ್ತಿ ದಾಖಲಿಸುತ್ತಿರುವವರಲ್ಲಿ ಮೈಸೂರಿನಲ್ಲಿ ನೆಲೆಯಿರುವ ನೇಚರ್ ಕನ್ಸರ್ವೇಶನ್ ಫೌಂಡೇಶನ್‌ನ ಸಂಶೋಧಕರು ಮುಖ್ಯರು.

ಹಾಗೆಯೇ ಕಾನೂನಿನ ಮಾತು. ದಿಬ್ಬ ಕಟ್ಟುವ ಗಟ್ಟಿ ಹವಳಗಳು 2001ರಿಂದ ನಮ್ಮ ವನ್ಯಜೀವಿ ಸಂರಕ್ಷಣಾ ಕಾಯಿದೆಯ ಮೊದಲ ಅನುಸೂಚಿಯಲ್ಲಿವೆ, ಹುಲಿಯ ಸಾಲಿನಲ್ಲೇ. ನಮ್ಮ ಸಮುದ್ರದಿಂದ ಒಂದು ಕವಲು ಮುರಿದು ತಂದರೂ ಅಪರಾಧ. ಅಂಗಡಿಯಲ್ಲಿ ಕವಲುಹವಳ ಕಂಡರೆ ‘ಇದು ಎಲ್ಲಿಯದು, ಕಾಗದ ಎಲ್ಲಿ?’ ಎಂದು ಕೇಳಿ, ತಡವರಿಸಿದರೆ ಹೊರಬನ್ನಿ.

ಅಣಬೆ ಹವಳ, ಜೊಆಂಥಿಡ್‌ಗಳಿಂದಲೇ ಶುರುಮಾಡುವವರಿಗೆ ಈ ನೂರು ವರ್ಷದ ಕತೆಯಿಂದ ತೆಗೆದ ನಾಲ್ಕು ಮಾತು. ಎರಡನೇ ದೀಪ ಕೊಳ್ಳುವ ಮುನ್ನ ಯಾರಿಂದಾದರೂ ಪಾರ್ ಮೀಟರ್ ಎರವಲು ತನ್ನಿ, ಪ್ರತಿ ಕಲ್ಲಿನ ತಲೆಯ ಮೇಲೂ ಬುಡದಲ್ಲೂ ಅಳೆಯಿರಿ. ಪ್ರಖರತೆ ಸರಿಹೋದ ಮೇಲೆ ಬಣ್ಣದ ಯೋಚನೆ ಮಾಡಿ. ನೀಲಿ ಪ್ರಧಾನವಾಗಿರಲಿ, ಸ್ವಲ್ಪ ಬಿಳಿ ಇರಲಿ, ಕೆಂಪು ಚಿಟಿಕೆ ಸಾಕು. ಹೊಸ ದೀಪವನ್ನು ಮೂರನೇ ಒಂದರಷ್ಟು ತೆರೆದು, ಪೂರ್ತಿ ಏರಿಸಲು ನಾಲ್ಕಾರು ವಾರ ತೆಗೆದುಕೊಳ್ಳಿ, ಏಕೆಂದರೆ ಪಾಚಿ ತನ್ನ ವರ್ಣದ್ರವ್ಯ ಹೊಂದಿಸಿಕೊಳ್ಳಲು ದಿನಗಳಲ್ಲ, ವಾರಗಳು ಬೇಕು. ರಾತ್ರಿಯನ್ನು ರಾತ್ರಿಯಾಗಿ ಬಿಡಿ. ನನ್ನ ಗೆಳೆಯರು ಮೀಟರ್ ತಂದು ಅಳೆದಾಗ ಕೆಂಡದ ಅಣಬೆಗಳಿದ್ದ ಕಲ್ಲಿನ ತುದಿಯಲ್ಲಿ 310 ತೋರಿಸಿತು. ಕಲ್ಲನ್ನು ತೊಟ್ಟಿಯ ತಳಕ್ಕೆ, 80ರ ಜಾಗಕ್ಕೆ ಇಳಿಸಿದರು. ಎರಡು ತಿಂಗಳಲ್ಲಿ ಕೆಂಪು ಒಂದಿಷ್ಟು ಮಾಸಿದೆ, ಅಣಬೆಗಳು ಅಗಲವಾಗಿವೆ, ಒಂದು ಒಡೆದು ಎರಡಾಗಿದೆ.